ಕೈ ಎತ್ತಿ ಎಂದವನು

ಅವನಿಗೆ ಮನೆಯವರು ಇಟ್ಟ ಹೆಸರೊಂದು ಇತ್ತು, ಇರಲಿಲ್ಲ ಅಂತಲ್ಲ. ಆದರೆ ಪಾರ್ಕಿನ ಗೇಟಿನವನಿಂದ ಹಿಡಿದು ಐಸ್‌ಕ್ರೀಮ್ ಗಾಡಿಯ ಹೆಂಗಸಿನವರೆಗೆ ಎಲ್ಲರಿಗೂ ಅವನು ಮೈಕಣ್ಣ. ರೋಲರ್ ಕೋಸ್ಟರ್ ಹೊರಡುವ ಕಟ್ಟೆಯ ಪಕ್ಕದಲ್ಲೇ ಅವನ ಗಾಜಿನ ಗೂಡು. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹೊರಗೆ ಜನ ಇಳಿದು ಬರುವ ದಾರಿಗೆ ಮುಖ ಮಾಡಿದ ದೊಡ್ಡ ಪರದೆ. ಇವೆಲ್ಲಕ್ಕಿಂತ ಮೇಲೆ, ಹೆಂಡತಿಗೂ ಮುಟ್ಟಲು ಕೊಡದ ಒಂದು ಮೈಕು. ರೈಲು ಎತ್ತರಕ್ಕೆ ಹತ್ತಿ ಮೊದಲ ಇಳಿಜಾರಿಗೆ ಬೀಳುವ ಜಾಗದಲ್ಲಿ ಒಂದು ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಫೋಟೋ ತೆಗೆಯುತ್ತಿತ್ತು. ಇಳಿದು ಬಂದವರಿಗೆ ಅವರದೇ ಕಿರುಚುವ ಮುಖ ತೋರಿಸಿ, ನಗಿಸಿ, ಫೋಟೋ ಮಾರುವುದು ಅವನ ಕೆಲಸ.

ಮೊದಮೊದಲು ಆ ಫೋಟೋಗಳನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ನೋಡುವುದಾದರೂ ಏನನ್ನು? ಎಲ್ಲರೂ ತೊಡೆಯ ಮೇಲೆ ಬಂದು ಕೂರುವ ಕಬ್ಬಿಣದ ಕಂಬಿಯನ್ನು ಅವಚಿಕೊಂಡು, ತಲೆ ತಗ್ಗಿಸಿ, ಕಣ್ಣು ಮುಚ್ಚಿರುತ್ತಿದ್ದರು. ಫೋಟೋದಲ್ಲಿ ಸಿಗುತ್ತಿದ್ದದ್ದು ಸಾಲು ಸಾಲು ನೆತ್ತಿ. ತನ್ನ ಬೋಳುನೆತ್ತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಪುಣ್ಯಾತ್ಮ ಯಾವ ಊರಲ್ಲಿದ್ದಾನೆ? ಮೈಕಣ್ಣ ತಲೆ ಓಡಿಸಿದ. ಕಂಬಿ ಹಿಡಿದುಕೊಳ್ಳಿ ಎಂದು ಹೇಳುವ ರೆಕಾರ್ಡು ಮುಗಿದ ಕೂಡಲೇ, ರೈಲು ಅಲುಗುವ ಮುಂಚೆ, ಮೈಕನ್ನು ಬಾಯಿಗೆ ಹಿಡಿಯತೊಡಗಿದ.

"ಮೇಲೆ ಹೋದ್ಮೇಲೆ ಎರಡೂ ಕೈ ಎತ್ಬಿಡಿ, ಗಂಟಲು ಹರಿಯೋ ಹಂಗೆ ಕೂಗಿ. ಕ್ಯಾಮೆರಾ ನಿಮ್ಮನ್ನೇ ನೋಡ್ತಿರುತ್ತೆ. ಕೈ ಎತ್ತದೇ ಇದ್ದೋರ ಫೋಟೋ ನಾನು ತೋರ್ಸಲ್ಲ, ಅತ್ಕೊಂಡು ಬಂದ್ರೂ ತೋರ್ಸಲ್ಲ."

ಮಾತಿನಲ್ಲಿ ಆಸಾಮಿ ಎತ್ತಿದ ಕೈ. ಜನ ನಗುತ್ತಿದ್ದರು, ನಕ್ಕವರು ಮೇಲೆ ಹೋಗಿ ಕೈ ಎತ್ತುತ್ತಿದ್ದರು, ಇಳಿದು ಬಂದು ಫೋಟೋ ಕೊಳ್ಳುತ್ತಿದ್ದರು. ಮ್ಯಾನೇಜರ್ ಬೆನ್ನು ತಟ್ಟಿದ. ಕೈ ಮೇಲೆ ಚಾಚಬಾರದು ಎಂಬ ಬೋರ್ಡು ಮೈಕಣ್ಣನ ಗೂಡಿನ ಹಿಂದಿನ ಗೋಡೆಯಲ್ಲೇ ಇತ್ತು. ಅದರ ಮೊಳೆಗೆ ಅವನು ತನ್ನ ಊಟದ ಚೀಲ ನೇತುಹಾಕುತ್ತಿದ್ದ.

ಆ ದಿನ ಕೊನೆಯ ಸೀಟಿನಲ್ಲಿ ನಡುವಯಸ್ಸಿನವನೊಬ್ಬ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಎತ್ತರ ಕಂಡರೆ ತಲೆಸುತ್ತು ಬರುವ ಹೆಂಡತಿಯನ್ನು ದೂರದಲ್ಲಿ, ಮಕ್ಕಳ ದೋಣಿಗಳ ಹತ್ತಿರದ ಕಲ್ಲುಬೆಂಚಿನ ಮೇಲೆ ಬಿಟ್ಟು ಬಂದಿದ್ದ. ಮೈಕಣ್ಣನ ಮಾತು ಮುಗಿದ ಮೇಲೆ ಅವನು ಗೂಡಿನ ಕಡೆ ತಿರುಗಿ, ಶಾಲೆಯ ಹುಡುಗ ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದ: "ಕೈ ಎತ್ತಲೇಬೇಕಾ ಸಾರ್?"

ಇಂಥ ಪ್ರಶ್ನೆ ಸಿಕ್ಕರೆ ಮೈಕಣ್ಣ ಬಿಟ್ಟಾನೆಯೇ? ಎಲ್ಲರಿಗೂ ಕೇಳಲಿ ಎಂದು ಮೈಕಿನಲ್ಲೇ ಹೇಳಿದ. "ಎತ್ತಲೇಬೇಕು ಯಜಮಾನ್ರೇ. ಎತ್ತದಿದ್ರೆ ಅಲ್ಲೇ ಮೇಲೇ ಇಳಿಸ್ಬಿಡ್ತೀವಿ." ಇಡೀ ರೈಲು ಘೊಳ್ಳೆಂದಿತು. ಆ ಮನುಷ್ಯನೂ ನಾಚಿಕೊಂಡು ನಕ್ಕ.

ಸ್ವಲ್ಪ ಹೊತ್ತಿಗೆ ಕಂಪ್ಯೂಟರಿಗೆ ಫೋಟೋ ಬಂತು. ಕೊನೆಯ ಸೀಟಿನವನು ಎರಡೂ ಕೈ ಆಕಾಶಕ್ಕೆ ಚಾಚಿ, ಬಾಯಿ ಅಗಲಿಸಿ ನಗುತ್ತಿದ್ದ. ಆ ದಿನದ ಚಿನ್ನದಂಥ ಫೋಟೋ ಅದು. ಮೈಕಣ್ಣ ದಿನದ ಅಭ್ಯಾಸದಂತೆ ಅದನ್ನು ದೊಡ್ಡ ಪರದೆಗೆ ಹಾಕಿದ. ಕೆಳಗೆ ನಿಂತವರು ನಕ್ಕು, ಪರದೆಯ ಕಡೆ ಮೊಬೈಲ್ ಹಿಡಿದರು. ಮೇಲಿನಿಂದ ಬರುತ್ತಿದ್ದ ಕೂಗು ಎಂದಿನ ಕೂಗಲ್ಲ ಎಂದು ಗೊತ್ತಾಗುವಷ್ಟರಲ್ಲಿ ಆ ಫೋಟೋ ಎಷ್ಟು ಕೈ ದಾಟಿ ಹೋಗಿತ್ತೋ.

ಇಳಿಜಾರಿನಲ್ಲಿ ಆ ಸೀಟಿನ ಕಂಬಿಯ ಬೀಗ ಕಳಚಿಕೊಂಡಿತ್ತು. ಪಕ್ಕದಲ್ಲಿದ್ದ ಅಪರಿಚಿತ ಭಯಸ್ಥ, ಕೈ ಎತ್ತಿರಲಿಲ್ಲ. ಮುಂದಿನ ಸೀಟಿನ ಬೆನ್ನನ್ನು ಬಲವಾಗಿ ಹಿಡಿದಿದ್ದ, ಮೊಣಕೈ ತರಚಿದ್ದು ಬಿಟ್ಟರೆ ಅವನಿಗೇನೂ ಆಗಲಿಲ್ಲ. ಕೈ ಎತ್ತಿದವನು ಕೆಳಗೆ ರಿಪೇರಿಯವರು ಓಡಾಡುವ ಹಲಗೆಯ ಮೇಲೆ ಬಿದ್ದ. ಜೀವ ಉಳಿಯಿತು. ಸೊಂಟ, ಎರಡು ಕಾಲು, ತಲೆ, ಯಾವುದೂ ನೆಟ್ಟಗೆ ಉಳಿಯಲಿಲ್ಲ.

ಸಂಜೆಗೆಲ್ಲ ಗೇಟಿನ ಮುಂದೆ ಟೀವಿಯವರು. ಮ್ಯಾನೇಜರ್ ಹಿಂಬಾಗಿಲಿನಿಂದ ಜಾರಿಕೊಂಡಿದ್ದ. ಯಾರೂ ಬಾಯಿ ಬಿಡಕೂಡದು ಎಂದಷ್ಟೇ ಅವನು ಹೇಳಿ ಹೋಗಿದ್ದು, ಸುಳ್ಳು ಹೇಳಿ ಎಂದೇನೂ ಹೇಳಿರಲಿಲ್ಲ. ಮೈಕಣ್ಣ ತಲೆ ತಗ್ಗಿಸಿಕೊಂಡು ಬಸ್ಸಿಗೆ ಹೋಗಬಹುದಿತ್ತು. ಆದರೆ ವರದಿಗಾರ್ತಿ ಮೈಕನ್ನು ಅವನ ಮುಖದ ಮುಂದೆ ಹಿಡಿದಳು. ಮೈಕು ಕಂಡರೆ ಅವನ ಕೈ ತಾನಾಗೇ ಕಾಲರಿಗೆ ಹೋಗುತ್ತದೆ. ಕಾಲರ್ ಸರಿ ಮಾಡಿಕೊಂಡ, ಬೆರಳಲ್ಲೇ ಕೂದಲು ತೀಡಿಕೊಂಡ. ಮಾತು ನೀರು ಹರಿದ ಹಾಗೆ ಹರಿಯಿತು.

"ನಾವು ಹಿಡ್ಕೊಳ್ಳಿ, ಹಿಡ್ಕೊಳ್ಳಿ ಅಂತ ಬಾಯಿ ಬಡ್ಕೊಳ್ತೀವಿ ಮೇಡಂ. ಕೇಳೋರ್ಯಾರು? ಎಲ್ಲರಿಗೂ ಫೋಟೋ ಹುಚ್ಚು. ಪಾಪ, ಆ ಮನುಷ್ಯ ಮಾತು ಕೇಳಿದ್ದಿದ್ರೆ ಇವತ್ತು ನೆಟ್ಟಗೆ ಮನೆಗೆ ಹೋಗ್ತಿದ್ರು."

ಯಾರೂ ಕುತ್ತಿಗೆ ಹಿಡಿದು ಹೇಳಿಸಲಿಲ್ಲ. ಇದನ್ನು ನೆನಪಿಡಿ, ಅವನಂತೂ ಮರೆಯಲಿಲ್ಲ.

ಆಮೇಲೆ ವಾರವಿಡೀ ಟೀವಿಯ ಅರ್ಧಕ್ಕೆ ಕೈ ಎತ್ತಿ ನಗುವ ಆ ಫೋಟೋ, ಇನ್ನರ್ಧಕ್ಕೆ ಮೈಕಣ್ಣ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಹುಚ್ಚಾಟಕ್ಕೆ ತೆತ್ತ ಬೆಲೆ'. ಬೀಗ ಏಕೆ ಕಳಚಿತು ಎಂದು ಕೇಳಿದವರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಬೀಗಕ್ಕೆ ಮುಖವಿಲ್ಲ, ಅದನ್ನು ಬೈದರೆ ಏನು ರುಚಿ? ಮನಶ್ಶಾಸ್ತ್ರದವರೊಬ್ಬರು ಬಂದು ಇಂದಿನ ಸಮಾಜದ ಪ್ರದರ್ಶನದ ಗೀಳಿನ ಬಗ್ಗೆ ಕೊರೆದರು. ಅದೇ ಚಾನೆಲ್ಲು ಅವರ ಮಾತಿನ ನಡುವೆ ಆ ಫೋಟೋವನ್ನು ತೋರಿಸಿದ್ದೇ ತೋರಿಸಿದ್ದು. ಬಿದ್ದವನು ಬಸ್ ಕಂಡಕ್ಟರ್ ಎಂದು ಗೊತ್ತಾದ ಮೇಲಂತೂ ಮೊಬೈಲುಗಳಿಗೆ ಹಬ್ಬ. 'ದಿನಾ ಹಿಡ್ಕೊಳ್ಳಿ ಹಿಡ್ಕೊಳ್ಳಿ ಅನ್ನೋನು ತಾನೇ ಬಿಟ್ಟ' ಎಂದೊಬ್ಬ. 'ಸ್ಟಾಪ್ ಬರೋಕೆ ಮುಂಚೆ ಇಳಿದ' ಎಂದು ಇನ್ನೊಬ್ಬ. ಅದಕ್ಕೆ ನಗುವ ಮುಖಗಳ ಜಾತ್ರೆ. ಮನುಷ್ಯ ಆಸ್ಪತ್ರೆಯಲ್ಲಿ ಉಸಿರು ಎಳೆಯುತ್ತಿದ್ದಾನೆ ಎಂಬುದು ಆ ನಗುವವರಿಗೆ ಗೊತ್ತಿತ್ತು.

ಮೈಕಣ್ಣನ ತಾಯಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಟೀವಿ ಮುಂದೆ ಕೂರಿಸಿದಳು. "ನೋಡಿ, ಎಷ್ಟು ಸ್ಪಷ್ಟವಾಗಿ ಮಾತಾಡ್ತಾನೆ." ಟೀ ಅಂಗಡಿಯಲ್ಲಿ ಬೆಂಚಿನ ಮೇಲೆ ಜಾಗ ಬಿಟ್ಟುಕೊಟ್ಟರು. ಅವನು ಹಲ್ಲು ಗಿಂಜಿದ, ಟೀ ಕುಡಿದ, ಅರ್ಧಕ್ಕೇ ಎದ್ದು ಬಂದ. ಒಂದು ದಿನ ಮೊಬೈಲಿನಲ್ಲಿ, ಅವನ ಆ ಟೀವಿ ಮಾತಿನ ವೀಡಿಯೋದ ಕೆಳಗೆ ಯಾರೋ ಹುಡುಗಿ ಬರೆದಿದ್ದಳು: 'ನಾನು ಅದೇ ರೈಲಿನಲ್ಲಿದ್ದೆ. ಕೈ ಎತ್ತಿ ಅಂತ ಮೈಕಿನಲ್ಲಿ ಹೇಳಿದ್ದೇ ಈ ಮನುಷ್ಯ.' ಜನ ಅವಳ ಮೇಲೆ ಮುಗಿಬಿದ್ದರು: ಫೇಮಸ್ ಆಗೋ ಆಸೆನಾ ತಂಗಿ, ನಿನ್ನ ಫೋಟೋ ಸರಿಯಾಗಿ ಬರಲಿಲ್ವಾ. ಮೈಕಣ್ಣ ಮತ್ತೆ ಮತ್ತೆ ತೆರೆದು ನೋಡಿದ. ಹೊಸ ಹೊಸ ಬೈಗುಳಗಳ ಅಡಿಯಲ್ಲಿ ಅವಳ ಮಾತು ಕೆಳಗೆ ಕೆಳಗೆ ಜಾರಿ, ಕಡೆಗೆ ಕಾಣದಾಯಿತು. ಉಸ್ಸೆಂದು ಉಸಿರು ಬಿಟ್ಟ. ಬಿಟ್ಟ ಮರುಗಳಿಗೆಯೇ ಆ ಉಸಿರಿಗೆ ನಾಚಿದ. ಕನ್ನಡಿಯ ಮುಂದೆ ಗಡ್ಡ ಕೆರೆಯುವಾಗ ತನ್ನ ಬಾಯಿಯನ್ನು ತಾನೇ ನೋಡಲಾಗದೆ ಗಲ್ಲವನ್ನಷ್ಟೇ ನೋಡಿಕೊಂಡು ಮುಗಿಸಿದ.

ಅವನನ್ನು ಆಸ್ಪತ್ರೆಗೆ ಕಳಿಸಿದ್ದು ಹೆಂಡತಿ. ಚೀಲಕ್ಕೆ ಹಣ್ಣು ತುಂಬುತ್ತಾ ಹೇಳಿದಳು: "ಒಂದ್ಸಲ ನೋಡ್ಕೊಂಡು ಬನ್ನಿ. ಅವರ ಒಳ್ಳೇದಕ್ಕೇ ಹೇಳಿದೋರು ನೀವು. ಹೋಗದಿದ್ರೆ ಚೆನ್ನಾಗಿರಲ್ಲ." ಹೋಗುವುದಿಲ್ಲ ಎಂದರೆ ಏಕೆ ಎಂದು ಹೇಳಬೇಕು. ಅದಕ್ಕಿಂತ ಹೋಗುವುದೇ ಸುಲಭ ಎನಿಸಿತು. ಹಣ್ಣಿನ ಚೀಲ ಕೊಟ್ಟು, ಎರಡು ಮಾತಾಡಿ, ಬಂದ ದಾರಿ ಹಿಡಿಯುವುದು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿಕೊಂಡ.

ಕಂಡಕ್ಟರ್ ಕಿಟಕಿ ಪಕ್ಕದ ಮಂಚದಲ್ಲಿ, ಎರಡೂ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ. ಹೆಂಡತಿ ಸ್ಟೂಲಿನ ಮೇಲೆ ಕೂತು ಅವನ ಬಾಯಿಗೆ ಚಮಚದಲ್ಲಿ ಗಂಜಿ ಹಿಡಿದಿದ್ದಳು. ಮೈಕಣ್ಣನನ್ನು ಕಂಡೊಡನೆ ಅವಳ ಚಮಚ ಅರ್ಧದಲ್ಲೇ ನಿಂತಿತು. ಟೀವಿಯ ಮುಖ ಯಾರಿಗೆ ಗೊತ್ತಾಗದು?

ಅವನು ಬಾಯಿ ತೆರೆಯುವ ಮುಂಚೆ ಕಂಡಕ್ಟರೇ ಮಾತಾಡಿದ. ಧ್ವನಿ ಬಾವಿಯ ತಳದಿಂದ ಬಂದ ಹಾಗಿತ್ತು. "ನೀವೇ ಬಂದ್ರಾ ಸಾರ್? ತಪ್ಪಾಯ್ತು ಸಾರ್. ನೀವು ಅಷ್ಟು ಹೇಳಿದ್ರಂತೆ. ನಂಗೆ ಆ ದಿನದ್ದು ಒಂದೂ ನೆನಪಿಲ್ಲ, ತಲೆಗೆ ಏಟು ಬಿದ್ರೆ ಹಂಗಾಗುತ್ತಂತೆ. ನನ್ನಿಂದ ನಿಮ್ಮ ಕೆಲ್ಸಕ್ಕೆ ಏನೂ ತೊಂದ್ರೆ ಆಗಿಲ್ಲ ತಾನೇ?"

ಮೈಕಣ್ಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಆಸ್ಪತ್ರೆಯ ನೆಲ ಗಟ್ಟಿ, ಅದು ಯಾರನ್ನೂ ನುಂಗುವುದಿಲ್ಲ. ಹಣ್ಣಿನ ಚೀಲ ಹಿಡಿದು ನಿಂತೇ ಇದ್ದ.

"ಕೂತ್ಕೊಳ್ಳಿ ಅಣ್ಣ," ಎಂದಳು ಹೆಂಡತಿ. ಗಂಡನ ಬಾಯಿ ಒರೆಸಿದಳು. "ನಿಮ್ಮನ್ನೇ ಒಂದು ಮಾತು ಕೇಳ್ಬೇಕು ಅಂತಿದ್ದೆ. ಇವ್ರು ಹಂಗಲ್ಲ ಅಣ್ಣ. ಕ್ಯೂನಲ್ಲಿ ನಿಲ್ಲಿ ಅಂದ್ರೆ, ಮುಂದೆ ಯಾರೂ ಇಲ್ದಿದ್ರೂ ನಿಲ್ಲೋ ಮನುಷ್ಯ. ಇವ್ರನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು, ಮೈಕಲ್ಲಿ ಹೇಳಿದ್ದನ್ನ ಮೀರಿದ್ದು ನಾನು ನೋಡಿಲ್ಲ. ಅವತ್ತೊಂದಿನ ಯಾಕೆ ಹಂಗೆ ಮಾಡಿದ್ರು ಅಂತ ನಂಗೆ ಅರ್ಥಾನೇ ಆಗ್ತಿಲ್ಲ. ಮಗಳು ಶಾಲೆಗೆ ಹೋಗಲ್ಲ ಅಂತ ಕೂತಿದ್ದಾಳೆ. ಅವಳು ಒಳಗೆ ಬಂದ್ರೆ ಮಕ್ಕಳೆಲ್ಲ ಎರಡೂ ಕೈ ಎತ್ತಿ ನಿಲ್ತಾರಂತೆ. ನೀವು ಹತ್ರದಲ್ಲೇ ಇದ್ದೋರು, ಹೇಳಿ. ಇವ್ರು ನಿಜವಾಗ್ಲೂ ನಿಮ್ಮ ಮಾತು ಕೇಳ್ಲಿಲ್ವಾ?"

ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಒಂದು ಹೂಂ ಸಾಕಿತ್ತು. ಗಂಡನಿಗೆ ನೆನಪಿಲ್ಲ, ಹೆಂಡತಿ ದೂರ ಕೂತಿದ್ದವಳು, ವೀಡಿಯೋದ ಕೆಳಗೆ ಬರೆದ ಹುಡುಗಿಯ ಬಾಯಿಯನ್ನು ಜನವೇ ಮುಚ್ಚಿಸಿದ್ದಾರೆ. ದಿನಕ್ಕೆ ಸಾವಿರ ಜನರನ್ನು ನಗಿಸುವ ನಾಲಿಗೆ ಆ ಒಂದು ಹೂಂಗೆ ಹೊರಳಲೇ ಇಲ್ಲ. ಶಾಲೆಯ ಬಾಗಿಲಲ್ಲಿ ನಿಂತ, ತಾನೆಂದೂ ಕಾಣದ ಆ ಮಗಳು, ಅವಳ ಮುಂದೆ ಎತ್ತಿದ ಕೈಗಳು, ಅಷ್ಟೇ ಕಣ್ಣಿಗೆ ಕಟ್ಟಿತ್ತು. ಆ ಕೈಗಳನ್ನೆಲ್ಲ ಎತ್ತಿಸಿದವನು ತಾನೇ.

"ಕೇಳಿದ್ರು," ಎಂದ. ತನ್ನ ಧ್ವನಿ ತನಗೇ ಕೇಳಿಸಲಿಲ್ಲ. ಮತ್ತೆ ಹೇಳಿದ. "ನನ್ನ ಮಾತು ಕೇಳಿದ್ರಮ್ಮ. ಕೈ ಎತ್ತಿ ಅಂದಿದ್ದು ನಾನೇ. ಫೋಟೋ ಚೆನ್ನಾಗಿ ಬರ್ಲಿ ಅಂತ ದಿನಾ ಹೇಳ್ತಿದ್ದೆ. ಟೀವಿಲಿ ಹೇಳಿದ್ದು ಸುಳ್ಳು."

ಅವಳ ಮುಖದಲ್ಲಿ ಏನಿದೆ ಎಂದು ನೋಡುವ ಧೈರ್ಯ ಅವನಿಗಿರಲಿಲ್ಲ. ಕಂಡಕ್ಟರನ ಕಡೆ ನೋಡಿದ. ಬೈಯುತ್ತಾನೆ, ಅಳುತ್ತಾನೆ ಎಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಕಂಡಕ್ಟರ್ ಕಷ್ಟಪಟ್ಟು ಕತ್ತು ತಿರುಗಿಸಿ ಹೆಂಡತಿಯ ಸೆರಗು ಜಗ್ಗಿದ. ಅವನ ಕಣ್ಣು ಹೊಳೆಯುತ್ತಿತ್ತು.

"ನೋಡಿದ್ಯಾ? ನಾನು ಮಾತು ಕೇಳಿದ್ದೆ ಕಣೇ. ನಾನು ಕೇಳಿದ್ದೆ. ಪಾಪುಗೆ ಹೇಳು."

ಮೈಕಣ್ಣ ಹಿಡಿಯಷ್ಟಾದ. ಹಣ್ಣಿನ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ನೆಲದ ಮೇಲಿಟ್ಟ.

ಹೆಂಡತಿ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ದಿಂಬಿನ ಕೆಳಗಿನಿಂದ ಮೊಬೈಲ್ ತೆಗೆದು, ಎದ್ದು ಬಂದು ಅವನ ಮುಖದ ಮುಂದೆ ಹಿಡಿದಳು.

"ಈಗ ಹೇಳಿದ್ದನ್ನ ಇದ್ರಲ್ಲಿ ಹೇಳಿ."

ಇದನ್ನು ತಾಯಿ ನೋಡುತ್ತಾಳೆ, ಅವಳು ಕರೆದು ಕೂರಿಸಿದ ಅಕ್ಕಪಕ್ಕದವರು ನೋಡುತ್ತಾರೆ, ಕೆಲಸವಂತೂ ಹೋಯಿತು. ಎಲ್ಲವೂ ಒಟ್ಟಿಗೇ ಹೊಳೆದು ಹೋಯಿತು. ಮೊಬೈಲಿನ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಅವನಿಗರಿವಿಲ್ಲದೆಯೇ ಅವನ ಕೈ ಮೇಲೆದ್ದು ಕಾಲರ್ ನೆಟ್ಟಗೆ ಮಾಡಿ, ಕೂದಲು ತೀಡತೊಡಗಿತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನು ನೋಡಿದ.

"ಕೈ ಇಳಿಸಿ," ಎಂದಳು.

ಇಳಿಸಿದ. ಎರಡೂ ಕೈಯನ್ನು ತೊಡೆಗೆ ಒತ್ತಿ ಹಿಡಿದು ನಿಂತ.

"ಕೈ ಎತ್ತಿ ಅಂತ ಹೇಳಿದ್ದು ನಾನು," ಎಂದ. "ಎತ್ತಲೇಬೇಕಾ ಸಾರ್ ಅಂತ ಅವ್ರು ಕೇಳಿದ್ರು. ಎತ್ತಲೇಬೇಕು ಅಂದೆ."