ಕಷಾಯದಣ್ಣ

ನಮ್ಮ ವಠಾರದ ಕಷಾಯದಣ್ಣನ ಪ್ರಕಾರ ಕೊರೊನಾ ಎಂದರೆ ಅರಿಶಿನ ಕಂಡರೆ ಬಾಲ ಮುದುರುವ ನಾಯಿ. ಮೆಟ್ಟಿಲ ಮೇಲೆ ಯಾರು ಸೀನಿದರೂ ಲೋಟ ಹಿಡಿದು ಹಾಜರಾಗುತ್ತಾನೆ. "ಕುಡೀರಿ ಅಕ್ಕಾ, ಶುಂಠಿ ವೈರಸ್ಸಿಗೆ ಬಾಗಿಲು ಹಾಕುತ್ತೆ, ಜಿಂಕ್ ಮಾತ್ರೆ ಚಿಲಕ ಹಾಕುತ್ತೆ." ಔಷಧಿ ಅಂಗಡಿಯಾಕೆ, "ಅಣ್ಣಾ, ಅದೆಲ್ಲ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಮಾಡಿದ ಪರೀಕ್ಷೆ, ಮನುಷ್ಯರಲ್ಲಿ ಇನ್ನೂ ಗೊತ್ತಾಗಿಲ್ಲ" ಎಂದರೆ, "ಮನುಷ್ಯ ಏನು ತಟ್ಟೆಗಿಂತ ಕಡೆಯೇನಮ್ಮಾ?" ಎಂದು ಅವಳಿಗೂ ಒಂದು ಲೋಟ ಕುಡಿಸಿ ಬರುತ್ತಾನೆ. ಅವನಿಗೆ ಹೆದರಿ ನಾವೆಲ್ಲ ಕೆಮ್ಮು ನುಂಗಿಕೊಳ್ಳುತ್ತೇವೆ. ವಠಾರದಲ್ಲಿ ಕಾಯಿಲೆಯೇ ಇಲ್ಲವೆಂದು ಅವನು ಮೀಸೆ ತಿರುವುತ್ತಾನೆ. ಆದರೆ ಹಿಂದೊಮ್ಮೆ ಕೊರೊನಾ ಬಂದು ಹೋದಾಗಿನಿಂದ ಅವನ ಹೆಂಡತಿಯ ಮೂಗಿಗೆ ಯಾವ ವಾಸನೆಯೂ ತಿಳಿಯದು. ದಿನಾ ಬೆಳಿಗ್ಗೆ ಮೊದಲ ಲೋಟವನ್ನು ಅವಳ ಮೂಗಿನ ಹತ್ತಿರ ಹಿಡಿದು, "ಕಣ್ಮುಚ್ಚಿ ಮೂಸಿ ಹೇಳೇ, ಏನಾದ್ರೂ ಗೊತ್ತಾಯ್ತಾ?" ಎಂದು ಕೇಳುತ್ತಾನೆ. ನಿನ್ನೆ ನನಗೆ ಶುಂಠಿಯ ಮಹಿಮೆ ಹೇಳುವ ಭರದಲ್ಲಿ ಏನೂ ಹಾಕದೆ ಬರೀ ಬಿಸಿನೀರನ್ನೇ ಹಿಡಿದ. ಅವಳು ಕಣ್ಮುಚ್ಚಿ ಮೂಸಿ, ಮುಖ ಹಿಂಡಿ, "ಅಬ್ಬಾ, ಶುಂಠಿ ಜಾಸ್ತಿ ಆಯ್ತು ಕಣ್ರೀ" ಎಂದಳು. ಅವನು ಲೋಟದೊಳಗೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, "ನಾಳೆ ಸ್ವಲ್ಪ ಕಮ್ಮಿ ಹಾಕ್ತೀನಿ ಬಿಡು" ಎಂದ.