ಇಟ್ಟವರೇ ತೆಗೆಯಬೇಕಾದ ಲಾಳಿ

ಹೋದ ತಿಂಗಳು ನಮ್ಮ ವಿಮಾನ ನಿಲ್ದಾಣದ ಟವರಿನ ಹಳೆಯ ಮೇಜನ್ನು ಹೊರಗೆ ಹಾಕಿದರು. ಕಾಗದದ ಪಟ್ಟಿಗಳ ಜಾಗಕ್ಕೆ ಕಂಪ್ಯೂಟರ್ ಪರದೆ ಬಂದಿತ್ತು. ಡ್ರಾವರ್ ಖಾಲಿ ಮಾಡುವಾಗ ಮೂಲೆಯಲ್ಲಿ ಕೈಗೆ ತಾಗಿದ್ದು ಒಂದು ಲಾಳಿ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ, ಎರಡೂ ತುದಿಗೆ ಲೋಹದ ಮೊನೆಯಿರುವ ಮರದ ಲಾಳಿ. ಮೂಗಿನ ಹತ್ತಿರ ಹಿಡಿದೆ. ಮಷೀನಿನ ಎಣ್ಣೆ, ಹತ್ತಿಯ ಧೂಳು... ಇಷ್ಟು ವರ್ಷವಾದರೂ ವಾಸನೆ ಹೋಗಿರಲಿಲ್ಲ.

ಅದು ಕಾಕಾನ ಲಾಳಿ. ಕಾಕಾ ಎಂದರೆ ನನಗೆ ಕೆಲಸ ಕಲಿಸಿದ ಹಿರಿಯ ಸಹಾಯಕರು. ಗಡಹಿಂಗ್ಲಜದಲ್ಲಿ ಬಿ.ಎಸ್ಸಿ. ಮುಗಿಸಿ, ವಿಮಾನ ಸಂಚಾರ ನಿಯಂತ್ರಣದಲ್ಲಿ ಸಹಾಯಕಿಯಾಗಿ ಸೇರಿದಾಗ ನಾನು ವಿಮಾನವನ್ನು ಹತ್ತಿರದಿಂದ ಕಂಡವಳೇ ಅಲ್ಲ. ನಮ್ಮ ಜಿಲ್ಲೆಯಿಂದ ದೂರದ ಆ ಸಣ್ಣ ನಿಲ್ದಾಣದ ಹೆಸರು ಇಲ್ಲಿ ಬೇಡ. ಅಲ್ಲಿ ಕನ್ನಡ ಮಾತಾಡುವವರು ಇಬ್ಬರೇ: ಇಚಲಕರಂಜಿ ಹತ್ತಿರದ ಯಡ್ರಾವದ ಕಾಕಾ, ನೂಲ ಎಂಬ ಊರಿನ ನಾನು.

"ನೂಲದಾಕಿ ಆಗಿ ಲಾಳಿ ನೋಡಿಲ್ಲಂದ್ರ ಹೆಂಗವಾ?" ಎಂದು ಮೊದಲ ದಿನವೇ ಕೆಣಕಿದ್ದರು.

"ನಮ್ಮೂರಾಗ ಕಬ್ಬ ಐತ್ರಿ ಕಾಕಾ, ಮಗ್ಗ ಇಲ್ಲ."

"ಹಂಗಾದ್ರ ಕಲಿ. ವಿಮಾನನೂ ಒಂದ ದೊಡ್ಡ ಲಾಳೀನ ಮಗಳ. ಇತ್ತಾಗಿಂದ ಅತ್ತಾಗ, ಅತ್ತಾಗಿಂದ ಇತ್ತಾಗ. ನಡುವ ಯಾರದೂ ಕೈ ಇರಬಾರ್ದು, ಅಷ್ಟ."

ನಮ್ಮ ಕೆಲಸ ದೊಡ್ಡದೇನಲ್ಲ. ಪೈಲಟ್ ಜೊತೆ ಮಾತಾಡುವುದು ನಿಯಂತ್ರಣಾಧಿಕಾರಿ. ನಾವು ಫೋನ್ ಎತ್ತಬೇಕು, ಹವೆಯ ವಿವರ ಬರೆಯಬೇಕು, ಒಂದೊಂದು ವಿಮಾನಕ್ಕೆ ಒಂದೊಂದು ಕಾಗದದ ಪಟ್ಟಿ ಬರೆದು ಹಲಗೆಯ ಮೇಲೆ ಜೋಡಿಸಬೇಕು. ಹಲಗೆಯ ನಡುವಿನ ಸಾಲು ರನ್‌ವೇಯದು. ಹುಲ್ಲು ಕತ್ತರಿಸುವ ಟ್ರ್ಯಾಕ್ಟರೋ ದೀಪ ರಿಪೇರಿಯ ಜೀಪೋ ರನ್‌ವೇಗೆ ಇಳಿದರೆ ಆ ಸಾಲಿನಲ್ಲಿ ಕೆಂಪು ಗುರುತು ಇಡಬೇಕು. ನಮ್ಮ ಕೆಂಪು ಗುರುತು ಯಾವಾಗಲೋ ಮುರಿದಿತ್ತು. ಹೊಸದಕ್ಕೆ ಬರೆದು ಕಾಯುತ್ತ ಕೂರದೆ ಕಾಕಾ ಊರಿಂದ ಈ ಲಾಳಿ ತಂದಿದ್ದರು.

ಅದಕ್ಕೊಂದು ಕಾರಣವಿತ್ತು. ಯಡ್ರಾವದ ಅವರ ಖಾತೆಯಲ್ಲಿ, ಅಂದರೆ ಪವರ್‌ಲೂಮ್ ಶೆಡ್ಡಿನಲ್ಲಿ, ಹರಿದ ಎಳೆ ಕಟ್ಟಲು ಮಗ್ಗದೊಳಗೆ ಕೈ ಹಾಕುವವನು ಮೊದಲು ಲಾಳಿ ತೆಗೆದು ಸ್ವಿಚ್ಚಿನ ಡಬ್ಬಿಯ ಮೇಲೆ ಇಡುತ್ತಿದ್ದನಂತೆ. ಅಲ್ಲಿ ಲಾಳಿ ಕಂಡರೆ ಮಾಲೀಕ ಬಂದರೂ ಮಗ್ಗ ಚಾಲೂ ಮಾಡುವಂತಿಲ್ಲ. "ಇಟ್ಟಾವನ ತಗೀಬೇಕು. ಇನ್ನೊಬ್ಬ ಮುಟ್ಟಂಗಿಲ್ಲ," ಎನ್ನುತ್ತ ಕಾಕಾ ತಮ್ಮ ಹತ್ತೂ ಬೆರಳು ಅರಳಿಸಿ ತೋರಿಸುತ್ತಿದ್ದರು. "ನೋಡು, ಹತ್ತೂ ಅದಾವ. ಇದರ ಪುಣ್ಯೇದಿಂದ."

ನನಗೆ ಒಳಗೊಳಗೇ ನಾಚಿಕೆ. ರೇಡಿಯೋ, ಗಾಳಿಯ ಮಾಪಕ, ಬೈನಾಕ್ಯುಲರ್‌ಗಳ ನಡುವೆ ಎಣ್ಣೆ ಹತ್ತಿದ ಮರದ ತುಂಡು!

ಆ ದಿನ ಬೆಳಿಗ್ಗೆ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು. ನಾನಿನ್ನೂ ಪರೀಕ್ಷಾವಧಿಯಲ್ಲಿದ್ದೆ. ಅಧಿಕಾರಿಗಳ ಪಾಳಿ ಬದಲಾಗಿ ಐದು ನಿಮಿಷವಾಗಿರಬಹುದು. ಹೊಸದಾಗಿ ಕೂತವರು ರೇಡಿಯೋದಲ್ಲಿದ್ದರು. ಕಾಕಾ ಕೆಳಗೆ ಹವೆಯ ವಿವರ ತರಲು ಹೋಗಿದ್ದರು. ನಾನು ಫೋನ್ ಇಟ್ಟು ಮೇಜು ಒರೆಸತೊಡಗಿದೆ. ಹಿಂದಿನ ಪಾಳಿಯಲ್ಲಿ ಟ್ರ್ಯಾಕ್ಟರ್ ಇಳಿದಾಗ ಕಾಕಾ ಇಟ್ಟಿದ್ದ ಲಾಳಿ ಹಲಗೆಯ ನಡುವೆ ಇತ್ತು.

ಕಿಟಕಿಯಿಂದ ನೋಡಿದೆ. ರನ್‌ವೇ ಖಾಲಿ ಕಂಡಿತು. ಆ ತುದಿಗೆ ನೆಲ ಸ್ವಲ್ಪ ಇಳಿಜಾರು, ಮೇಲೆ ಬಿಸಿಲ ಝಳ... ಟ್ರ್ಯಾಕ್ಟರ್ ಯಾವಾಗಲೋ ಹೊರಗೆ ಬಂದಿದೆ, ಕಾಕಾ ಲಾಳಿ ತೆಗೆಯಲು ಮರೆತಿದ್ದಾರೆ ಎಂದುಕೊಂಡೆ. ತಪಾಸಣೆಯವರು ಇದನ್ನು ಕಂಡು ನಕ್ಕರೆ? ಎತ್ತಿ, ಅದು ಯಾವಾಗಲೂ ಇರುತ್ತಿದ್ದ ಎಡಗಡೆಯ ಡ್ರಾವರಿನಲ್ಲಿಟ್ಟು ಮುಚ್ಚಿದೆ. ಡ್ರಾವರ್ ಸದ್ದಿಲ್ಲದೆ ಮುಚ್ಚಿಕೊಂಡಿತು.

ಅಧಿಕಾರಿ ಹಲಗೆಯತ್ತ ಕಣ್ಣು ಹಾಯಿಸಿದರು. ರನ್‌ವೇ ಸಾಲು ಖಾಲಿ. ಬರುತ್ತಿದ್ದ ವಿಮಾನಕ್ಕೆ ಇಳಿಯಲು ಅನುಮತಿ ಕೊಟ್ಟರು.

ವಿಮಾನ ಚುಕ್ಕೆಯಿಂದ ಹಕ್ಕಿಯಷ್ಟಾಯಿತು. ಚಕ್ರಗಳು ಕಂಡವು. ಅದೇ ಹೊತ್ತಿಗೆ ಕಾಕಾ ಮೆಟ್ಟಿಲು ಹತ್ತಿ ಬಂದರು. ಒಮ್ಮೆ ವಿಮಾನ ನೋಡಿದರು, ಒಮ್ಮೆ ಹಲಗೆ. ಕೈಯಲ್ಲಿದ್ದ ಕಾಗದ ಬಿತ್ತು.

"ಟ್ರ್ಯಾಕ್ಟರ್ ಅಂದರ್ ಹೈ ಸಾಬ್! ಟ್ರ್ಯಾಕ್ಟರ್!"

ಅಧಿಕಾರಿ ಅರೆಕ್ಷಣವೂ ತಡಮಾಡದೆ ಮತ್ತೆ ಮೇಲೇರುವಂತೆ ಪೈಲಟ್‌ಗೆ ಹೇಳಿದರು. ವಿಮಾನದ ಮೂಗು ಏಳಲಿಲ್ಲ... ಏಳಲಿಲ್ಲ... ಆಮೇಲೆ ಎದ್ದಿತು. ಗಾಜು ನಡುಗಿತು. ಆ ತುದಿಯ ಝಳದೊಳಗಿಂದ ಟ್ರ್ಯಾಕ್ಟರಿನ ಕೆಂಪು ಬಣ್ಣ ಈಗ ನನಗೂ ಕಂಡಿತು. ಅದರ ಪಕ್ಕ ಡಾಂಬರಿನ ಮೇಲೆ ಬೋರಲಾಗಿ ಮಲಗಿದ್ದ ಮನುಷ್ಯನೂ ಕಂಡ. ಕೊನೆಗೆ ಅವನು ಎದ್ದು ನಿಂತ.

ಸ್ವಲ್ಪ ಹೊತ್ತಿಗೆ ಮೇಲೆ ಬಂದ ಆ ಡ್ರೈವರ್ ನಗಲು ನೋಡಿದ. "ಚಾಕ ಡೋಕ್ಯಾವರೂನ ಗೇಲೀ, ಕಾಕಾ." ಗಾಲಿಗಳು ತಲೆಯ ಮೇಲಿಂದಲೇ ಹೋದವು ಎಂದು. ಹೇಳುತ್ತ ಹೇಳುತ್ತ ನೆಲದ ಮೇಲೆ ಕೂತುಬಿಟ್ಟ.

ಕಾಕಾ ಡ್ರಾವರ್ ಎಳೆದರು. ಲಾಳಿ ತನ್ನ ಜಾಗದಲ್ಲಿ ತಣ್ಣಗೆ ಮಲಗಿತ್ತು.

"ಇಟ್ಟಿದ್ನಲ್ಲಾ..." ಎಂದರು. ಯಾರಿಗೂ ಹೇಳಿದ್ದಲ್ಲ. ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಯಾರದೋ ಕೈ ಎಂಬಂತೆ.

ಆಗ ನಾನು ಹೇಳಬೇಕಿತ್ತು. ಕೆಳಗೆ ಬಿದ್ದಿದ್ದ ಹವೆಯ ಕಾಗದ ಎತ್ತಿ ಮೇಜಿನ ಮೇಲಿಟ್ಟೆ, ಅಷ್ಟೇ. ವಿಚಾರಣೆಯಲ್ಲಿ ಕಾಕಾ ಗುರುತು ಇಡಲು ತಾವೇ ಮರೆತದ್ದಾಗಿ ಬರೆದುಕೊಟ್ಟರು. ಯಾರನ್ನೂ ಉಳಿಸಲು ಬರೆದದ್ದಲ್ಲ. ಡ್ರಾವರಿನಲ್ಲಿ ಲಾಳಿ ಕಂಡ ಮೇಲೆ ಅವರು ಅದನ್ನು ನಂಬಿಬಿಟ್ಟಿದ್ದರು. ನಿವೃತ್ತಿಗೆ ಉಳಿದ ತಿಂಗಳುಗಳನ್ನು ಕೆಳಗಿನ ಸಾಮಾನು ಕೋಣೆಯಲ್ಲಿ ಕಳೆದರು.

ಒಮ್ಮೆ ಚಹಾದ ಹೊತ್ತಿಗೆ ನನ್ನನ್ನು ಕರೆದರು. "ಮಗಳ, ಆವತ್ತ ನೀ ಅಲ್ಲೇ ಇದ್ದಿ. ಖರೇ ಹೇಳು. ನಾ ಲಾಳಿ ಇಟ್ಟಿದ್ನೋ, ಇಲ್ಲೋ?"

"ನಾ ಫೋನಿನ್ಯಾಗ ಇದ್ನಿರಿ ಕಾಕಾ. ನೋಡ್ಲಿಲ್ಲ."

"ಹೌದಲ್ಲ..." ಎಂದು ಕಪ್ಪು ಕೆಳಗಿಟ್ಟರು. ಆಮೇಲೆ ಎಂದೂ ಕೇಳಲಿಲ್ಲ. ನನ್ನ ಕೆಲಸ ಕಾಯಂ ಆಯಿತು.

ಕಳೆದ ವಾರ ರಜೆ ಹಾಕಿ ಕೊಲ್ಲಾಪುರಕ್ಕೆ ಬಂದು, ಇಚಲಕರಂಜಿಯ ಬಸ್ಸು ಹಿಡಿದು, ಕೇಳುತ್ತ ಕೇಳುತ್ತ ಯಡ್ರಾವದ ಆ ಓಣಿ ತಲುಪಿದೆ. ಹೆಗಲ ಚೀಲದಲ್ಲಿ ಲಾಳಿ. ದಾರಿಯಲ್ಲೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ: ಕಾಕಾ, ನೀವು ಇಟ್ಟಿದ್ರಿ... ಬಾಗಿಲು ತೆರೆದವರು ಕಾಕಾನ ಹೆಂಡತಿ, ಕಾಕು. ಅವರ ಭುಜದ ಹಿಂದೆ, ಗೋಡೆಯ ಮೇಲೆ, ಹಾರ ಹಾಕಿದ ಫೋಟೋ ಕಂಡಿತು. ಕಾಕಾ ದೀಪಾವಳಿಗಿಂತ ಮೊದಲೇ ತೀರಿಕೊಂಡಿದ್ದರಂತೆ.

"ಬಾ ಬಾ, ನೂಲದಾಕಿ ನೀನ ಏನ? ಭಾಳ ನೆನಸ್ತಿದ್ರು ನಿನ್ನ. ಭಾಳ ಶಾಣ್ಯಾ ಹುಡುಗಿ ಅಂತಿದ್ರು." ಕಾಕು ಚಹಾ ಮಾಡಿ ತಂದರು. ಪಕ್ಕದ ಶೆಡ್ಡಿನ ಮಗ್ಗಗಳ ಖಟಖಟಕ್ಕೆ ಕಪ್ಪಿನೊಳಗಿನ ಚಹಾ ನಡುಗುತ್ತಿತ್ತು. "ಕಡೀಕಡೀಕ ತಮ್ಮ ಕೈ ಮ್ಯಾಲ ಅವರಿಗೆ ಭರೋಸಾನ ಉಳೀಲಿಲ್ಲ ನೋಡು. ಗ್ಯಾಸ್ ಮೂರ್ ಸಲ ನೋಡೂದು, ಕೀಲಿ ಹಾಕೇನಿಲ್ಲೋ ಅಂತ ಬಸ್‌ಸ್ಟ್ಯಾಂಡಿಂದ ತಿರುಗಿ ಬರೂದು. ನಿದ್ದಿಗಣ್ಣಾಗ ಎದ್ದು ಕೂತು, ಇಟ್ಟಿದ್ನೋ ಇಲ್ಲೋ ಅಂತ ನನ್ನ ಕೇಳವ್ರು. ನನಗೇನ ಗೊತ್ತ?"

"ಇಟ್ಟಿದ್ರು ಕಾಕು," ಎಂದೆ. "ನಾ ತಗದ್ನಿ."

ಉಳಿದದ್ದನ್ನೂ ಹೇಳಿದೆ. ಸಾಮಾನು ಕೋಣೆಯ ಚಹಾ, ಫೋನಿನ ಸುಳ್ಳು, ಎಲ್ಲ. ಚೀಲದಿಂದ ಲಾಳಿ ತೆಗೆದುಕೊಟ್ಟೆ. ಕಾಕು ಅಳಲಿಲ್ಲ, ಬೈಯಲಿಲ್ಲ. ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿದರು. ಆಮೇಲೆ ಫೋಟೋದ ಕಡೆ ತಿರುಗಿದರು. "ಕೇಳಿದ್ರ್ಯಾ? ಇಟ್ಟಿದ್ರಂತ ನೀವು."

ನನ್ನ ಕಡೆ ತಿರುಗಿದಾಗ ಅವರ ದನಿ ಬದಲಾಗಿತ್ತು. "ಚಾ ಆರಾಕತ್ತೈತಿ. ಕುಡೀರಿ." ಇಲ್ಲಿಯವರೆಗೆ ಮನೆಮಗಳಂತೆ 'ನೀ' ಎನ್ನುತ್ತಿದ್ದವರು.

ಎದ್ದು ಹೋಗಿ ಲಾಳಿಯನ್ನು ಫೋಟೋದ ಕೆಳಗಿನ ಹಲಗೆಯ ಮೇಲಿಟ್ಟರು. ಅಂಚಿಗೇ ಇಟ್ಟಿದ್ದರು. ಮಗ್ಗಗಳ ಅದುರುವಿಕೆಗೆ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯುತ್ತಿದ್ದಂತೆ ಕಂಡಿತು. ಬೀಳುತ್ತದೆಂದು ನಾನು ಎದ್ದು ಕೈ ಚಾಚಿದೆ, ತುಸು ಒಳಗೆ ಸರಿಸಲು.

"ಮುಟ್ಟಬ್ಯಾಡ್ರಿ," ಎಂದರು ಕಾಕು. "ಇಟ್ಟಾಕಿ ನಾನು."

ಕೈ ಹಿಂದಕ್ಕೆ ಎಳೆದುಕೊಂಡೆ.