ಗಾಜಿನ ಮ್ಯಾಲಿನ ಧೂಳು

ಆಗ ಹೊಸಪೇಟೆಯಾಗ ಧೂಳು ಒರೆಸೋದೇ ಅರ್ಧ ಬದುಕು. ಅದಿರಿನ ಲಾರಿ ಹಗಲೂ ರಾತ್ರಿ ಓಡ್ತಿದ್ವು. ಮುಂಜಾನೆ ಒಣಹಾಕಿದ ಬಿಳಿ ಸೀರಿ ಸಂಜಿಗೆ ಕೆಂಪಾಗೋದು. ನಾನು ಗಣಿ ಕೆಲಸಗಾರರಿಗೆ ಪಾಠ ಹೇಳೋ ತರಬೇತಿ ಕೇಂದ್ರದಾಗ ಟೀಚರ್. ಸಂಡೂರಿನ ಗುಡ್ಡದಾಗ ದುಡಿಯೋರಿಗೆ ದಿನಾ ಕ್ಲಾಸಿಗೆ ಬರಾಕ ಎಲ್ಲಿ ಆಗ್ತದ? ಅದಕ್ಕ ಕೇಂದ್ರದೋರು ಒಂದು ವೆಬ್‌ಸೈಟ್ ಮಾಡಿಸಿದ್ರು. ನಾನು ಕೈಲೆ ಬರೆದ ನೋಟ್ಸ್ ಸ್ಕ್ಯಾನ್ ಮಾಡಿ ಅದಕ್ಕ ಹಾಕಬೇಕು. ಕೆಲಸಗಾರರು ಸಂಡೂರಿನ ನೆಟ್ ಸೆಂಟರಿನಾಗ ಪ್ರಿಂಟ್ ತಗೋಬೇಕು.

ದಿನಾ ಸ್ಕ್ಯಾನರಿನ ಗಾಜನ್ನ ಸೆರಗಿಲೆ ಒರೆಸಿಯೇ ಕೆಲಸ ಶುರು ಮಾಡ್ತಿದ್ದೆ. ಆ ಒಂದು ಶನಿವಾರ ಒರೆಸಲಿಲ್ಲ. ಲಾರಿಗಳ ನಡುವ ಆಟೋ ಒಂದು ತಾಸು ಸಿಕ್ಕಿಹಾಕ್ಕೊಂಡು ತಲಿ ಕೆಟ್ಟಿತ್ತು. ಸೋಮವಾರವೇ ಪರೀಕ್ಷೆ. ಸುಡ್ಲಿ ಅತ್ಲಾಗ ಅಂತ ಬಡಬಡ ಸ್ಕ್ಯಾನ್ ಮಾಡಿ, ಅಪ್‌ಲೋಡ್ ಮುಗಿಸಿ, ಒಮ್ಮೆ ತೆಗೆದು ಸೈತ ನೋಡದೇ ಮನಿಗೆ ಬಂದೆ.

ಭಾನುವಾರ ಮಧ್ಯಾಹ್ನ ಯಾಕೋ ಮನಸ್ಸು ತಡೀಲಿಲ್ಲ. ಕೇಂದ್ರಕ್ಕ ಹೋಗಿ ತೆಗೆದು ನೋಡಿದೆ. ಪ್ರತಿ ಪುಟದಾಗೂ ಅದೇ ಜಾಗದಾಗ ಒಂದು ಚುಕ್ಕಿ. ಧೂಳಿನ ಕಣ ಅಂತ ನಗು ಬಂತು. ಸುರಕ್ಷತೆಯ ಪಾಠಕ್ಕ ಬಂದಾಗ ನಗು ನಿಂತುಹೋತು. ಸಿಡಿಮದ್ದು ಹಾರಿಸುವಾಗ ಎಷ್ಟು ದೂರ ಸರೀಬೇಕು? ನಾನು ಬರೆದದ್ದು 300 ಮೀಟರ್. ಚುಕ್ಕಿ ಹೋಗಿ ಕೂತದ್ದು ಎರಡು ಸೊನ್ನೆಗಳ ನಟ್ಟನಡುವ. 30.0.

ಯಾರು ಇಳಿಸ್ಕೊಂಡಾರ ಅಂತ ಸೈಟ್ ತೋರಿಸ್ತಿತ್ತು. ಒಬ್ಬರೇ, ಬಂಡ್ರಿ ಊರಿನ ವಿದ್ಯಾರ್ಥಿ, ನಾನು ಅಣ್ಣ ಅಂತ ಕರೀತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡೋರು. ಕಲ್ಲು ಒಡ್ಕೋಂತ, ಕೂಲಿಗಳ ತಂಡ ನೋಡ್ಕೊಳ್ಳೋ ಮೇಟ್ ಆಗಬೇಕಂತ ಓದ್ತಿದ್ರು. ಎರಡು ಸಲ ಫೇಲಾಗಿದ್ರು. "ಇದೇ ಕಡೀ ಸಲ ಅಂದಾರ್ರಿ ಮೇಡಂ. ಪಾಸಾಗದಿದ್ರ ಸಾಯೋತನಕ ಸುತ್ತಿಗೀನ ಗತಿ" ಅಂದಿದ್ರು. ಸುರಕ್ಷತೆಯ ಪ್ರಶ್ನೆಗೆ ತಪ್ಪು ಹೇಳಿದವರನ್ನ ಪರೀಕ್ಷೆಯ ಸಾಹೇಬ್ರು ಪಾಸ್ ಮಾಡ್ತಿರಲಿಲ್ಲ.

ಗಾಜು ಒರೆಸಿ ಎಲ್ಲಾ ಮತ್ತ ಸ್ಕ್ಯಾನ್ ಮಾಡಿ ಹಾಕಿದೆ. ಅರ್ಧಕ್ಕ ಬಂದಾಗ ಕರೆಂಟ್ ಹೋತು. ಮತ್ತ ಹಾಕಿದೆ, ನೆಟ್ ಹೋತು. ಮೂರನೇ ಸಲ ಅಪ್‌ಲೋಡ್ ಆತು. ಆದ್ರೇನು? ಸಂಡೂರಿನ ನೆಟ್ ಸೆಂಟರಿಗೆ ಫೋನ್ ಮಾಡಿದ್ರ, "ನಿನ್ನೇನ ಪ್ರಿಂಟ್ ಒಯ್ದಾರ್ರಿ" ಅಂದ ಅಲ್ಲಿಯವ. ಅಣ್ಣನ ಮೊಬೈಲ್ ಹತ್ತಲೇ ಇಲ್ಲ.

ಸೋಮವಾರ ಒಂಬತ್ತಕ್ಕೇ ಪರೀಕ್ಷೆಯ ಕಚೇರಿ ಗೇಟಿನ ಮುಂದ ನಿಂತೆ. ಪರೀಕ್ಷೆ ಬಾಯಿಮಾತಿಂದು, ಹತ್ತಕ್ಕ ಶುರು. ಸಂಡೂರಿನ ಬಸ್ ಬರ್ತದ, ಬರ್ತದ, ಬರಲಿಲ್ಲ. ಒಳಗ ಅಣ್ಣನ ಹೆಸರು ಕೂಗೋದು ಕೇಳ್ತು. ಅಷ್ಟರಾಗ ಲಾರಿಗಳ ಸಂದಿಯಿಂದ ಓಡಿಬಂದು ಗೇಟಿನೊಳಗ ನುಗ್ಗಿದ್ರು.

"ಅಣ್ಣಾ, ಮುನ್ನೂರು! ಮೂವತ್ತಲ್ಲ!" ಗಂಟಲು ಹರಿಯೋಹಂಗ ಚೀರಿದೆ. ಹಾರ್ನಿನ ಗದ್ದಲದಾಗ ನನ್ನ ದನಿ ನನಗ ಕೇಳಲಿಲ್ಲ. ಒಳ್ಳೇದಾಗ್ಲಿ ಅಂತ ಹರಸಾಕತ್ತೀನಿ ಅಂದ್ಕೊಂಡ್ರೋ ಏನೋ, ಓಡ್ಕೋಂತನ ಕೈ ಮುಗಿದ್ರು. ಹಿಂದ ಓಡಿದೆ, ವಾಚ್‌ಮನ್ ಬಿಡಲಿಲ್ಲ.

ಅಣ್ಣ ಹೊರಗ ಬಂದಾಗ ಮುಖ ನೋಡೇ ಗೊತ್ತಾತು.

"ಎಷ್ಟಂದ್ರಿ?"

"ಮೂವತ್ತು ಅಂದ್ನಿರಿ."

"ಅಯ್ಯೋ ದೇವ್ರೇ! ದಿನಾ ಅಲ್ಲೇ ದುಡೀತೀರಿ, ಗೊತ್ತಿಲ್ಲೇನ್ರಿ ನಿಮಗ?" ಸಿಟ್ಟು ನನ್ನ ಮ್ಯಾಲೆ, ಬೈದದ್ದು ಅವರನ್ನ.

"ಗೊತ್ತಿತ್ರಿ. ಸಿಡಿಮದ್ದಿಗೆ ಸೀಟಿ ಊದಿದ್ರ ಭಾಳ ದೂರ ಓಡ್ತೀವ್ರಿ. ಮುನ್ನೂರು ಅಂತ ಬಾಯಿಗೆ ಬಂದಿತ್ತು. ಆದ್ರ ನೀವು ಮೂವತ್ತು ಅಂತ ಬರದೀರಿ. ಓದಿದೋರು ತಪ್ಪು ಬರೀತಾರೇನ್ರಿ?"

ನಾಚಿಗಿಂದ ಸತ್ತು ಹೋದೆ. ಅದು ಧೂಳಿನ ಚುಕ್ಕಿ, ತಪ್ಪು ನಂದು ಅಂತ ಹೇಳಿದೆ. ಅವರ ಪ್ರಿಂಟ್ ಇಸ್ಕೊಂಡು, ವಾಚ್‌ಮನ್‌ನ ಕಾಡಿಬೇಡಿ ಸಾಹೇಬ್ರ ಹತ್ರ ಹೋದೆ. "ಗುಡ್ಡದಾಗ ಯಾರಾದ್ರೂ ಸತ್ರ ನೋಟ್ಸ್ ತಪ್ಪಿತ್ತು ಅಂತೀರೇನು ಮೇಡಂ?" ಅಂದ್ರು. ಪಾಸ್ ಮಾಡಲಿಲ್ಲ. ಅವರ ಮಾತು ಖರೇನ ಇತ್ತು.

ಹೊರಗ ಬಂದು ಹಾಳಿ ವಾಪಸ್ ಕೊಟ್ಟೆ. ಅಣ್ಣ ಮೆಟ್ಟಿಲ ಮ್ಯಾಲೆ ಕೂತು, ಹೆಬ್ಬೆರಳಿಲೆ ಆ ಚುಕ್ಕಿ ಒರೆಸಿದ್ರು. ಹೋಗಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಮತ್ತ ಒರೆಸಿದ್ರು.

"ಪ್ರಿಂಟ್ ಆಗೇತಲ್ರಿ ಮೇಡಂ, ಹೋಗಂಗಿಲ್ಲ" ಅಂದ್ರು, ನನಗ ಸಮಾಧಾನ ಹೇಳೋರಂಗ.